ಕೈಗಾದ ಕರೆಂಟು, ಕಲಬುರಗಿಯ ಮೀಟರು: ಅಣು ವಿದ್ಯುತ್ತನ್ನು ಗಿರಾಕಿಯ ಕಣ್ಣಲ್ಲಿ ನೋಡಿದರೆ

ಒಂದೂವರೆ ಅಡಿ ಉದ್ದ, ಎಂಟು ಸೆಂಟಿಮೀಟರ್ ಅಡ್ಡಗಲ, ಹದಿನಾರು ಕಿಲೋ ಆಸುಪಾಸು ತೂಕ. ಹತ್ತೊಂಬತ್ತು ಸಣ್ಣ ಕೊಳವೆಗಳನ್ನು ಜೋಡಿಸಿ, ಎರಡೂ ತುದಿಗೆ ತಟ್ಟೆ ಬೆಸೆದ ಒಂದು ಕಂತೆ. ಕೊಳವೆಯೊಳಗೆ ಯುರೇನಿಯಂ ಆಕ್ಸೈಡಿನ ಕಪ್ಪು ಬಿಲ್ಲೆಗಳು. ಇದಕ್ಕೆ ಬಂಡಲ್ ಎನ್ನುತ್ತಾರೆ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗಿ ಕಾರವಾರ ತಾಲೂಕಿನ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. ಹೊಸದಿದ್ದಾಗ ಕೈಗವಸು ಹಾಕಿಕೊಂಡು ಎತ್ತಬಹುದು. ರಿಯಾಕ್ಟರಿನಿಂದ ಹೊರಬಂದ ಮೇಲೆ ಯಾವ ಮರೆಯೂ ಇಲ್ಲದೆ ಅದರ ಪಕ್ಕ ಕೆಲವು ನಿಮಿಷ ನಿಂತವರು ಬದುಕುವುದಿಲ್ಲ.

ಈ ಬಂಡಲ್ ಕೊಡುವ ಕರೆಂಟೇ ಇಲ್ಲಿ ವಿಮರ್ಶೆಗೆ ತೆಗೆದುಕೊಂಡ ಸರಕು. ಗಿರಾಕಿಗಳು ಕಲಬುರಗಿ, ಬೀದರ್, ಯಾದಗಿರಿಯ ನಾವು. ಜೆಸ್ಕಾಂ ಬಿಲ್ಲಿನಲ್ಲಿ ಕರೆಂಟು ಎಲ್ಲಿಂದ ಬಂತು ಎಂದು ಬರೆದಿರುವುದಿಲ್ಲ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು, ಕೈಗಾದ ಯುರೇನಿಯಂ ಎಲ್ಲವೂ ಗ್ರಿಡ್‌ನಲ್ಲಿ ಕಲೆತೇ ನಮ್ಮ ಕಂಬಕ್ಕೆ ಬರುತ್ತವೆ. ಎಲ್ಲಿಂದ ಎಷ್ಟು, ಯಾವ ದರಕ್ಕೆ ಕೊಂಡರು ಎಂಬುದು ಗೊತ್ತಾಗಬೇಕಾದರೆ ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಹೊರಡಿಸುವ ದರ ಆದೇಶದಲ್ಲಿ ವಿದ್ಯುತ್ ಖರೀದಿಯ ಕೋಷ್ಟಕ ತೆಗೆದು, ಕೇಂದ್ರದ ಸ್ಥಾವರಗಳ ಸಾಲಿನಲ್ಲಿ ಕೈಗಾ ಮತ್ತು ತಮಿಳುನಾಡಿನ ಕೂಡಂಕುಳಂ ಹೆಸರು ಹುಡುಕಬೇಕು. ಕೈಗಾದ ದರ ಯೂನಿಟ್ಟಿಗೆ ಮೂರೂವರೆ ರೂಪಾಯಿಯ ಆಸುಪಾಸು. ಗೃಹಜ್ಯೋತಿ ಬಂದಾಗಿನಿಂದ 200 ಯೂನಿಟ್ ಒಳಗೆ, ತನಗೆ ಗೊತ್ತುಪಡಿಸಿದ ಮಿತಿಯಲ್ಲೇ ಬಳಸುವ ಮನೆಗೆ ಬಿಲ್ ಸೊನ್ನೆ. ಆದರೆ ಸರ್ಕಾರ ಕಟ್ಟುವ ದುಡ್ಡೂ ನಮ್ಮದೇ. ಹಾಗಾಗಿ ಈ ಸರಕು ಬಾಳಿಕೆಯದ್ದೋ ಅಲ್ಲವೋ ಎಂದು ಕೇಳುವ ಹಕ್ಕು ಬಿಲ್ ಬಾರದವರಿಗೂ ಇದೆ.

ಮೊದಲು ಇದರ ಬಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಒಂದೊಂದು ಘಟಕದ ಹೊಟ್ಟೆಯಲ್ಲಿ 306 ಅಡ್ಡ ಕೊಳವೆಗಳು, ಅವುಗಳಲ್ಲಿ ಸಾಲಾಗಿ ಬಂಡಲ್‌ಗಳು. ಪೂರ್ಣ ಶಕ್ತಿಯಲ್ಲಿ ಓಡುವಾಗ ಒಂದು ಘಟಕಕ್ಕೆ ದಿನಕ್ಕೆ ಬೇಕಾಗುವುದು ಎಂಟು ಬಂಡಲ್, ಹೆಚ್ಚೆಂದರೆ ಒಂಬತ್ತು. ಲೆಕ್ಕ ಹಾಕಿದರೆ ಒಂದು ಬಂಡಲ್‌ನಿಂದ ಆರು ಲಕ್ಷ ಯೂನಿಟ್ ಮೇಲೆಯೇ ಬರುತ್ತದೆ. ಸ್ಥಾವರ ತನಗೇ ಬಳಸಿಕೊಳ್ಳುವುದನ್ನೂ ದಾರಿಯಲ್ಲಿ ಸೋರುವುದನ್ನೂ ಕಳೆದರೂ, ತಿಂಗಳಿಗೆ 150 ಯೂನಿಟ್ ಬಳಸುವ ಸುಮಾರು ಮುನ್ನೂರು ಮನೆಗಳಿಗೆ ಇಡೀ ವರ್ಷ ಸಾಕು. ಅಷ್ಟೇ ಕರೆಂಟನ್ನು ರಾಯಚೂರಿನ ಶಕ್ತಿನಗರದ ಹಳೆಯ 210 ಮೆಗಾವ್ಯಾಟ್ ಘಟಕದಿಂದ ತೆಗೆಯಬೇಕಾದರೆ ಯೂನಿಟ್ಟಿಗೆ 680 ಗ್ರಾಂ ಹಿಡಿದರೂ ನಾನೂರು ಟನ್ನಿಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. ಅದು ಏಳು ರೈಲು ವ್ಯಾಗನ್ ತುಂಬ. ಅದರಲ್ಲಿ ಮೂರನೇ ಒಂದು ಪಾಲು ಬೂದಿ.

ಹೊಗೆಯ ಮಾತು ಬಂದಾಗ ಅಣು ವಿದ್ಯುತ್ತಿಗೆ ಪೂರ್ತಿ ಅಂಕ ಕೊಡಲೇಬೇಕು. ಗಣಿಯಿಂದ ಹಿಡಿದು ಸ್ಥಾವರ ಕೆಡವುವವರೆಗೆ ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಲೆಕ್ಕದಲ್ಲಿ ಯೂನಿಟ್ಟಿಗೆ 12 ಗ್ರಾಂ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಿಗೆ 820, ಮನೆಯ ಮೇಲಿನ ಸೋಲಾರಿಗೆ 41, ಗಾಳಿಗೆ 11. ಏಪ್ರಿಲ್-ಮೇ ತಿಂಗಳಲ್ಲಿ 44 ಡಿಗ್ರಿ ಕಾಣುವ ನಮ್ಮ ಜಿಲ್ಲೆಗಳಲ್ಲಿ ಈ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ನಂಬಿಕೆಯ ಪ್ರಶ್ನೆಯಲ್ಲೂ ಕೈಗಾ ಚೆನ್ನಾಗಿಯೇ ನಡೆದಿದೆ. ಮೊದಲ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಇದು ಸಾಧ್ಯವಾಗುವುದಕ್ಕೆ ಒಂದು ಕಾರಣ ಆ ರಿಯಾಕ್ಟರಿನ ವಿನ್ಯಾಸದಲ್ಲಿದೆ. ಕೂಡಂಕುಳಂ ಬಗೆಯ ರಿಯಾಕ್ಟರನ್ನು ನಿಲ್ಲಿಸಿ, ಮುಚ್ಚಳ ತೆಗೆದು ಇಂಧನ ಬದಲಿಸಬೇಕು. ಕೈಗಾದ ಭಾರಜಲ (ಭಾರದ ಬಗೆಯ ಹೈಡ್ರೋಜನ್ ಇರುವ ನೀರು) ರಿಯಾಕ್ಟರಿನಲ್ಲಿ ಅಡ್ಡ ಕೊಳವೆಯ ಎರಡೂ ತುದಿಗೆ ಎರಡು ಯಂತ್ರಗಳು ಕಚ್ಚಿಕೊಂಡು, ಒಂದು ಕಡೆಯಿಂದ ಹೊಸ ಬಂಡಲ್ ತಳ್ಳುತ್ತದೆ, ಇನ್ನೊಂದು ಕಡೆಯಿಂದ ಹಳೆಯದನ್ನು ತೆಗೆದುಕೊಳ್ಳುತ್ತದೆ. ಒಲೆ ಆರಿಸದೆಯೇ ಸೌದೆ ಬದಲಿಸಿದ ಹಾಗೆ. ನಮ್ಮಲ್ಲಿ ಬೇಸಿಗೆಯ ರಾತ್ರಿ ಹತ್ತರಿಂದ ಎರಡರವರೆಗೆ ಕೂಲರ್, ಎಸಿ, ಫ್ಯಾನು ಎಲ್ಲ ಒಟ್ಟಿಗೆ ತಿರುಗುವಾಗ ಸೂರ್ಯ ಇರುವುದಿಲ್ಲ. ಆ ಹೊತ್ತಿಗೆ ಅಲುಗದೆ ನಿಲ್ಲುವ ಕರೆಂಟಿಗೆ ಬೆಲೆ ಹೆಚ್ಚು.

ಆದರೆ ಇದೇ ಗುಣಕ್ಕೆ ಒಂದು ಹಟಮಾರಿತನವೂ ಅಂಟಿಕೊಂಡಿದೆ. ಸಂಜೆ ಏರಿಸು, ಮಧ್ಯಾಹ್ನ ಇಳಿಸು ಎಂದರೆ ಈ ರಿಯಾಕ್ಟರ್ ಕೇಳುವುದಿಲ್ಲ. ಟ್ರಿಪ್ ಆಗಿ ನಿಂತುಹೋದರೆ ಒಳಗೆ ಕ್ಸೆನಾನ್-135 ಎಂಬ ಅನಿಲ ಹೆಚ್ಚುತ್ತದೆ. ಅದು ಯುರೇನಿಯಂ ಒಡೆಯಲು ಬೇಕಾದ ನ್ಯೂಟ್ರಾನ್ ಕಣಗಳನ್ನೇ ನುಂಗುವ ಪದಾರ್ಥ. ಅರ್ಧ-ಮುಕ್ಕಾಲು ಗಂಟೆಯೊಳಗೆ ತಪ್ಪು ಸರಿಪಡಿಸಿ ಮತ್ತೆ ಚಾಲೂ ಮಾಡಿದರೆ ಸರಿ, ಇಲ್ಲವಾದರೆ ಆ ವಿಷ ಇಳಿಯುವ ತನಕ ಒಂದೂವರೆ ದಿನದಷ್ಟು ಕಾಯಬೇಕು. ಅಷ್ಟು ಹೊತ್ತು 220 ಮೆಗಾವ್ಯಾಟ್ ಗ್ರಿಡ್‌ನಿಂದ ಮಾಯ. ಅದನ್ನು ತುಂಬುವುದು ಶರಾವತಿಯ ನೀರು ಅಥವಾ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು. ಅಣು ವಿದ್ಯುತ್ ಒಂದೇ ಇದ್ದರೆ ಸಾಕು ಎನ್ನುವವರು ಈ ಒಂದೂವರೆ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಇಲ್ಲೊಂದು ಮಾತು. ಊರಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿದು ಮೋಟರ್ ಸುಟ್ಟರೆ ಅದಕ್ಕೆ ಕೈಗಾ ಆಗಲಿ ಶಕ್ತಿನಗರವಾಗಲಿ ಕಾರಣವಲ್ಲ. 63 ಕೆವಿಎ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಐದು ಎಚ್‌ಪಿ ಪಂಪ್‌ಸೆಟ್‌ಗಳು ಹತ್ತು-ಹನ್ನೆರಡು ದಾಟಿದರೆ, ಅದರ ಮೇಲೆ ಲೈನು ಉದ್ದವಾಗಿ ಎಳೆದಿದ್ದರೆ, ಎಂಥ ಸ್ಥಾವರ ಕಟ್ಟಿದರೂ ಕೊನೆಯ ಹೊಲಕ್ಕೆ ವೋಲ್ಟೇಜ್ ಸಿಗುವುದಿಲ್ಲ. ಹೊಸ ಅಣು ಸ್ಥಾವರ ಬಂದರೆ ನಮ್ಮ ಹಳ್ಳಿಯ ಕರೆಂಟು ಸುಧಾರಿಸುತ್ತದೆ ಎಂಬ ಭಾಷಣ ಕೇಳಿದಾಗ ಮೊದಲು ಟಿಸಿ ಎಷ್ಟು ಕೆವಿಎ ಎಂದು ಕೇಳಿ.

ಈಗ ಏನೇನು ಕೆಡುತ್ತದೆ, ಯಾಕೆ ಕೆಡುತ್ತದೆ ಎನ್ನುವುದಕ್ಕೆ ಬರೋಣ. ಕಲ್ಲಿದ್ದಲಿನ ಬಾಯ್ಲರ್ ಆರಿಸಿದರೆ ಆರುತ್ತದೆ. ರಿಯಾಕ್ಟರ್ ನಿಲ್ಲಿಸಿದರೂ ಪೂರ್ತಿ ಆರುವುದಿಲ್ಲ. ನಿಂತ ಕ್ಷಣದಲ್ಲಿ ಮೂಲ ಶಾಖದ ಶೇ 6ರಿಂದ 7ರಷ್ಟು ಉಳಿದಿರುತ್ತದೆ. 220 ಮೆಗಾವ್ಯಾಟ್ ವಿದ್ಯುತ್ ಕೊಡುವ ಘಟಕದ ಶಾಖ ಸುಮಾರು 800 ಮೆಗಾವ್ಯಾಟ್, ಅಂದರೆ ಆರಿಸಿದ ಗಳಿಗೆಯಲ್ಲೂ ಐವತ್ತು ಮೆಗಾವ್ಯಾಟ್ ಬೆಂಕಿ ಒಳಗೇ ಇದೆ. ಒಂದು ದಿನದ ನಂತರವೂ ಶೇ ಅರ್ಧದಷ್ಟು, ಅಂದರೆ ನಾಲ್ಕು ಮೆಗಾವ್ಯಾಟ್. ಇದನ್ನು ಕೊಂಡೊಯ್ಯಲು ನೀರು ಹರಿಯುತ್ತಲೇ ಇರಬೇಕು, ಪಂಪು ತಿರುಗಲು ಕರೆಂಟು ಬೇಕು, ಗ್ರಿಡ್ ಹೋದರೆ ಡೀಸೆಲ್ ಜನರೇಟರ್ ಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಸುನಾಮಿ ಆ ಜನರೇಟರ್‌ಗಳನ್ನೇ ಮುಳುಗಿಸಿತು. ರಿಯಾಕ್ಟರ್‌ಗಳು ನಿಂತಿದ್ದವು, ಉಳಿದ ಶಾಖವೇ ಇಂಧನವನ್ನು ಕರಗಿಸಿತು.

ನಮ್ಮ ದೇಶದ ದಾಖಲೆಯಲ್ಲೂ ಪಾಠಗಳಿವೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣು ಸ್ಥಾವರದಲ್ಲಿ ಟರ್ಬೈನಿನ ಬ್ಲೇಡ್ ಮುರಿದು, ಹೈಡ್ರೋಜನ್ ಹೊತ್ತಿಕೊಂಡು, ಬೆಂಕಿ ಕೇಬಲ್ಲುಗಳಿಗೆ ಹಬ್ಬಿತು. ಮುಖ್ಯ ಕೇಬಲ್ಲೂ ಬದಲಿ ಕೇಬಲ್ಲೂ ಒಂದೇ ದಾರಿಯಲ್ಲಿ ಹಾದುಹೋಗಿದ್ದರಿಂದ ಎರಡೂ ಸುಟ್ಟು, ಹದಿನೇಳು ಗಂಟೆ ಸ್ಥಾವರದಲ್ಲಿ ಕರೆಂಟೇ ಇರಲಿಲ್ಲ. ಸಿಬ್ಬಂದಿ ಅಗ್ನಿಶಾಮಕದ ಡೀಸೆಲ್ ಪಂಪು ಹಚ್ಚಿ ನೀರು ಹರಿಸಿ ಅನಾಹುತ ತಪ್ಪಿಸಿದರು. ಕೈಗಾದಲ್ಲೇ 1994ರ ಮೇ ತಿಂಗಳಲ್ಲಿ, ಕಟ್ಟುವ ಹಂತದಲ್ಲಿದ್ದ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಆಗ ಒಳಗೆ ಇಂಧನ ಇರಲಿಲ್ಲ, ಅದೊಂದು ಪುಣ್ಯ. 2009ರ ನವೆಂಬರ್‌ನಲ್ಲಿ ಅಲ್ಲೇ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಎಂಬ ವಿಕಿರಣ ಹೈಡ್ರೋಜನ್ ಇದ್ದ ಭಾರಜಲವನ್ನು ಯಾರೋ ಬೇಕೆಂದೇ ಬೆರೆಸಿ, ಅದು ಹಲವು ಕಾರ್ಮಿಕರ ದೇಹಕ್ಕೆ ಹೋಯಿತು. ಗುಜರಾತಿನ ಕಾಕ್ರಾಪಾರದಲ್ಲಿ 2015 ಮತ್ತು 2016ರಲ್ಲಿ ಒಂದೊಂದು ಘಟಕದ ಇಂಧನ ಕೊಳವೆ ಸೋರಿತು. ಕೊಳವೆಯ ಹೊರಮೈಯಲ್ಲಿ ಯಾರೂ ನಿರೀಕ್ಷಿಸದ ತುಕ್ಕು ಹಿಡಿದಿತ್ತು. ಈ ಯಾವುದರಲ್ಲೂ ಚೆರ್ನೋಬಿಲ್ ಆಗಲಿಲ್ಲ ಎಂಬುದು ನಿಜ. ತಪ್ಪುಗಳ ಬಗೆಯನ್ನು ಗಮನಿಸಿ: ಒಂದೇ ದಾರಿಯಲ್ಲಿ ಎರಡು ಕೇಬಲ್, ಕಾಂಕ್ರೀಟಿನ ಲೋಪ, ಕೂಲರಿಗೆ ಸಾಲದ ಕಾವಲು. ಕಾಕ್ರಾಪಾರದ ತುಕ್ಕನ್ನು ಬಿಟ್ಟರೆ, ಕೈಕೊಟ್ಟದ್ದು ಕೆಲಸಗಾರಿಕೆ ಮತ್ತು ಉಸ್ತುವಾರಿ. ಹಾಗಾಗಿ ಈ ಸರಕಿನ ಸುರಕ್ಷತೆ ಮೇಸ್ತ್ರಿ, ಫಿಟ್ಟರ್, ಪರಿವೀಕ್ಷಕ ಎಷ್ಟು ಪ್ರಾಮಾಣಿಕರು ಎಂಬುದರ ಮೇಲೆ ನಿಂತಿದೆ.

ಗ್ಯಾರಂಟಿ ಕಾರ್ಡ್ ಮಾತ್ರ ತೀರ ತೆಳುವಾಗಿದೆ. ಸ್ಥಾವರದ ಆಯುಷ್ಯ ಮುಗಿದ ಮೇಲೆ ಅದನ್ನು ಬಿಚ್ಚಿ, ವಿಕಿರಣ ಇರುವ ಉಕ್ಕು-ಕಾಂಕ್ರೀಟನ್ನು ವಿಲೇವಾರಿ ಮಾಡಬೇಕು. ಅದಕ್ಕಾಗಿ ಪ್ರತಿ ಯೂನಿಟ್ಟಿನ ದರದಲ್ಲಿ 2 ಪೈಸೆ ತೆಗೆದಿಡುತ್ತಾರೆ. 220 ಮೆಗಾವ್ಯಾಟಿನ ಘಟಕ ಶೇ 80ರ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ 154 ಕೋಟಿ ಯೂನಿಟ್, ಎರಡು ಪೈಸೆಯಂತೆ ಮೂರು ಕೋಟಿ ರೂಪಾಯಿ ಚಿಲ್ಲರೆ. ನಲವತ್ತು ವರ್ಷಕ್ಕೆ ಬಡ್ಡಿ ಬಿಟ್ಟು ಸುಮಾರು 123 ಕೋಟಿ. ಕಲಬುರಗಿಯಲ್ಲಿ ಒಂದು ದೊಡ್ಡ ಸರ್ಕಾರಿ ಕಟ್ಟಡಕ್ಕೆ ಆಗುವ ಖರ್ಚಿನ ಮಟ್ಟದ ಹಣದಲ್ಲಿ ಒಂದು ರಿಯಾಕ್ಟರನ್ನು ಸುರಕ್ಷಿತವಾಗಿ ಬಿಚ್ಚಬಹುದೆಂದು ಒಪ್ಪುವುದು ಕಷ್ಟ. ಅಪಘಾತವಾದರೆ ಸ್ಥಾವರ ನಡೆಸುವವರು ಕೊಡಬೇಕಾದ ಪರಿಹಾರಕ್ಕೂ 2010ರ ಕಾಯ್ದೆ 1,500 ಕೋಟಿಯ ಮಿತಿ ಹಾಕಿತ್ತು. ಮೂರೂವರೆ ರೂಪಾಯಿ ಅಗ್ಗವಾಗಿ ಕಾಣುವುದಕ್ಕೆ ಈ ಎರಡು ಬಾಕಿಗಳೂ ಒಂದು ಕಾರಣ.

ಬಳಸಿದ ಬಂಡಲ್‌ನ ಕಥೆ ಇನ್ನೂ ಉದ್ದ. ಮೊದಲು ಸ್ಥಾವರದಲ್ಲೇ ಆಳವಾದ ನೀರಿನ ತೊಟ್ಟಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಆಮೇಲೆ ಅದನ್ನು ಕತ್ತರಿಸಿ, ಆಮ್ಲದಲ್ಲಿ ಕರಗಿಸಿ, ಉಳಿದ ಯುರೇನಿಯಂ ಮತ್ತು ಹುಟ್ಟಿದ ಪ್ಲುಟೋನಿಯಂ ಬೇರ್ಪಡಿಸಿ, ಮಿಕ್ಕ ವಿಕಿರಣ ದ್ರವವನ್ನು ಗಾಜಿನೊಂದಿಗೆ ಕಾಯಿಸಿ ಉಕ್ಕಿನ ಡಬ್ಬಿಯಲ್ಲಿ ಎರಕ ಹೊಯ್ಯುತ್ತಾರೆ. ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆಯುತ್ತದೆ. ಅದರಲ್ಲಿರುವ ಸೀಸಿಯಂ-137, ಸ್ಟ್ರಾನ್ಷಿಯಂ-90 ಅರ್ಧಕ್ಕೆ ಇಳಿಯಲು ಮೂವತ್ತು ವರ್ಷ ಬೇಕು. ಪ್ಲುಟೋನಿಯಂ-239ಕ್ಕೆ 24,100 ವರ್ಷ. ಶಾಶ್ವತವಾಗಿ ಹೂಳುವ ಆಳದ ಭಂಡಾರ ನಮ್ಮ ದೇಶದಲ್ಲಿ ಇನ್ನೂ ಇಲ್ಲ. ರಾಯಚೂರಿನ ಹಾರುಬೂದಿಗೆ ವಾಡಿ, ಸೇಡಂ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ಗಿರಾಕಿಗಳಾದರೂ ಸಿಕ್ಕರು, ಪಿಪಿಸಿ ಸಿಮೆಂಟಿನಲ್ಲಿ ಶೇ 35ರವರೆಗೆ ಬೂದಿ ಬೆರೆಸಬಹುದು. ಈ ಗಾಜಿನ ಡಬ್ಬಿಗೆ ಯಾವ ಗಿರಾಕಿಯೂ ಇಲ್ಲ. ಆದರೆ ಗಾತ್ರ ಚಿಕ್ಕದು, ಎಲ್ಲಿದೆ ಎಂಬುದು ಗೊತ್ತಿರುತ್ತದೆ, ಕಾವಲಿಡಬಹುದು. ಊರೆಲ್ಲ ಹರಡಿ ಉಸಿರಿಗೆ ಸೇರುವ ಹೊಗೆಗೆ ಕಾವಲಿಡಲಾಗದು. ಈ ವ್ಯತ್ಯಾಸವನ್ನೂ ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ.

ಸುಸ್ಥಿರ ಎಂದರೆ ಕಚ್ಚಾಮಾಲೂ ಸುಸ್ಥಿರವಾಗಿರಬೇಕಲ್ಲವೇ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಉರಿಯುವ ಭಾಗ, ಯು-235, ಶೇ 0.7 ಮಾತ್ರ. ಕೈಗಾದ ಈ ನಾಲ್ಕು ಘಟಕಗಳು ಅಂತರರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ ಪಟ್ಟಿಯಲ್ಲಿಲ್ಲ. ಹಾಗಾಗಿ ಅವಕ್ಕೆ ಆಮದು ಯುರೇನಿಯಂ ಹಾಕುವಂತಿಲ್ಲ, ದೇಶದ ಗಣಿಯದ್ದೇ ಆಗಬೇಕು. 2008ರ ಸುಮಾರಿಗೆ ದೇಶದಲ್ಲಿ ಯುರೇನಿಯಂ ಸಾಲದೆ ನಮ್ಮ ರಿಯಾಕ್ಟರ್‌ಗಳು ಅರ್ಧ ಸಾಮರ್ಥ್ಯದ ಆಸುಪಾಸಿನಲ್ಲಿ ಓಡಿದವು. ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ಯೋಜನೆಯಲ್ಲಿ ಪ್ಲುಟೋನಿಯಂ ಸುಟ್ಟು ಹೊಸ ಇಂಧನ ಹುಟ್ಟಿಸುವುದು ಎರಡನೆಯದು, ಥೋರಿಯಂ ಮೂರನೆಯದು. ಎರಡನೆಯ ಹಂತದ 500 ಮೆಗಾವ್ಯಾಟಿನ ರಿಯಾಕ್ಟರನ್ನು ಕಲ್ಪಾಕ್ಕಂನಲ್ಲಿ 2004ರಲ್ಲಿ ಕಟ್ಟಲು ಶುರು ಮಾಡಿ, ಇಂಧನ ತುಂಬಲು ಕೈಹಾಕಿದ್ದು 2024ರ ಮಾರ್ಚ್‌ನಲ್ಲಿ. ಇಪ್ಪತ್ತು ವರ್ಷ. ಥೋರಿಯಂ ನಮ್ಮಲ್ಲಿ ಬೇಕಾದಷ್ಟಿದೆ ಎಂಬ ಮಾತು ಸತ್ಯ, ಆದರೆ ಅದನ್ನು ನೆಚ್ಚಿ ಇವತ್ತಿನ ಲೆಕ್ಕ ಬರೆಯುವಂತಿಲ್ಲ.

ದೇಶದ ಗಣಿ ಎಂದಾಗ ಲೆಕ್ಕ ನಮ್ಮ ಹೊಲದ ಬದುವಿಗೇ ಬಂದು ನಿಲ್ಲುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿ. ಚಂದಾ ಹುಸೇನಿ ದರ್ಗಾ ಇರುವ, ಮೊದಲ ಆದಿಲಶಾಹಿ ಸುಲ್ತಾನರು ಮಣ್ಣಾಗಿರುವ ಊರು. ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರ ಮತ್ತು ಅದರಡಿಯ ಗ್ರಾನೈಟ್ ಬಿರುಕುಬಿಟ್ಟಿರುವ ಗೋಗಿ-ಕುರ್ಲಗೇರಾ ಪಟ್ಟಿಯಲ್ಲಿ ಯುರೇನಿಯಂ ಇದೆ. ಪರಿಶೋಧನೆಗೆಂದು ಶಾಫ್ಟ್ ಇಳಿಸಿದ್ದಾರೆ, ಊರವರ ವಿರೋಧವೂ ಇದೆ. ಮನೆಮನೆಯಲ್ಲಿ ಹಾಸಿರುವ ಶಹಾಬಾದಿ ಪರ್ಸಿಯೂ ಇದೇ ಕೊಳ್ಳದ ಸುಣ್ಣಕಲ್ಲು. ಅದಕ್ಕೆ ಹೆದರಬೇಕಾಗಿಲ್ಲ, ಅದಿರು ಇರುವುದು ನೆಲ ಸೀಳಿ ಪುಡಿಯಾದ ಪಟ್ಟಿಯಲ್ಲಿ.

ಗೋಗಿಯ ಅದಿರಿನಲ್ಲಿ ಯುರೇನಿಯಂ ದೇಶದ ಬೇರೆ ಗಣಿಗಳಿಗಿಂತ ಹೆಚ್ಚು. ಆಂಧ್ರದ ತುಮ್ಮಲಪಲ್ಲಿಯಲ್ಲಿ ಅದಿರಿನಲ್ಲಿರುವ ಯುರೇನಿಯಂ ಆಕ್ಸೈಡ್ ಶೇ 0.04ರ ಮಟ್ಟದ್ದು, ಗೋಗಿಯದ್ದು ಶೇ 0.18ರ ಆಸುಪಾಸು. ಮೊದಲು ಹೇಳಿದ ಆ ಒಂದು ಬಂಡಲ್‌ನಲ್ಲಿ ಹದಿಮೂರೂವರೆ ಕಿಲೋ ಯುರೇನಿಯಂ ಇರುತ್ತದೆ. ಅದನ್ನು ತೆಗೆಯಲು ತುಮ್ಮಲಪಲ್ಲಿಯಲ್ಲಿ ಐವತ್ತು ಟನ್ ಕಲ್ಲು ಅರೆಯಬೇಕು. ಗೋಗಿಯಲ್ಲಾದರೆ ಹತ್ತು ಟನ್, ಮೂರು ಟ್ರ್ಯಾಕ್ಟರ್ ಟ್ರಾಲಿ. ನಾನೂರು ಟನ್ ಕಲ್ಲಿದ್ದಲಿನ ಮುಂದೆ ಇದು ಏನೂ ಅಲ್ಲ ಎನಿಸಬಹುದು. ಆದರೆ ಆ ಹತ್ತು ಟನ್ನಿನಲ್ಲಿ ಹದಿಮೂರೂವರೆ ಕಿಲೋ ಹೈದರಾಬಾದಿಗೆ ಹೋಗುತ್ತದೆ, ಮಿಕ್ಕದ್ದೆಲ್ಲ ಹಿಟ್ಟಿನ ಹದದ ಕೆಸರಾಗಿ ಗಣಿಯ ಊರಲ್ಲೇ ಉಳಿಯುತ್ತದೆ. ರೇಡಿಯಂ-226, ಥೋರಿಯಂ-230 ಅದರಲ್ಲೇ ಇರುತ್ತವೆ. ಅದಿರಿನ ವಿಕಿರಣದ ಸುಮಾರು ಶೇ 85ರಷ್ಟು ಹೋಗುವುದು ಈ ಕೆಸರಿನ ಹೊಂಡಕ್ಕೆ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ. ಕೈಗಾದ ನಾಲ್ಕೂ ಘಟಕಗಳನ್ನು ಗೋಗಿಯ ಅದಿರಿನಿಂದಲೇ ಓಡಿಸುವುದಾದರೆ ಇಂಥ ಕೆಸರು ವರ್ಷಕ್ಕೆ ಒಂದು ಲಕ್ಷ ಟನ್ ಆಸುಪಾಸು ಶೇಖರವಾಗುತ್ತದೆ.

ಸುಣ್ಣಕಲ್ಲಿನ ಅದಿರಿಗೆ ಆಮ್ಲ ಹಾಕಿದರೆ ಸುಣ್ಣವೇ ಆಮ್ಲ ಕುಡಿದುಬಿಡುತ್ತದೆ. ಅದಕ್ಕೇ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್ ದ್ರಾವಣದಲ್ಲಿ, ಒತ್ತಡದ ಪಾತ್ರೆಯಲ್ಲಿ ಕಾಯಿಸಿ ಯುರೇನಿಯಂ ಬಿಡಿಸಬೇಕು. ತುಮ್ಮಲಪಲ್ಲಿಯಲ್ಲಿ ಇದೇ ವಿಧಾನ. ಹೊಂಡದ ನೀರಿನಲ್ಲಿ ಸೋಡಿಯಂ ತುಂಬಿರುತ್ತದೆ. ಅಲ್ಲಿನ ರೈತರು ಬಾವಿಯ ನೀರು ಕೆಟ್ಟಿತು, ಬಾಳೆ ಒಣಗಿತು ಎಂದು ದೂರಿದ್ದರು. ನಮ್ಮ ಎರೆಭೂಮಿಗೆ ಈ ಸೋಡಿಯಂ ಇನ್ನೂ ಅಪಾಯ. ಎರೆಮಣ್ಣಿನ ಜೇಡಿಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಕ್ಯಾಲ್ಸಿಯಂ. ಆ ಜಾಗಕ್ಕೆ ಸೋಡಿಯಂ ಬಂದು ಕೂತರೆ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚುತ್ತವೆ. ಮಳೆ ಬಂದರೆ ನೀರು ಇಂಗುವುದಿಲ್ಲ, ಬಿಸಿಲಿಗೆ ಕಲ್ಲಾಗುತ್ತದೆ. ತೊಗರಿಯ ಬೇರು ನಿಂತ ನೀರಲ್ಲಿ ಕೊಳೆಯುತ್ತದೆ. ಜಿಪ್ಸಂ ಹಾಕಿ ಸರಿಪಡಿಸಬಹುದು, ಆದರೆ ಹೊಂಡ ಸೋರುತ್ತಲೇ ಇದ್ದರೆ ಎಷ್ಟು ಚೀಲ ಹಾಕಿದರೂ ಸಾಲದು. ಇದರ ಮೇಲೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಜಿನುಗುವುದಲ್ಲ, ಓಡುತ್ತದೆ. ಹೊಂಡದ ತಳಕ್ಕೆ ಜೇಡಿ ಬಡಿದು, ಮೇಲೆ ಪ್ಲಾಸ್ಟಿಕ್ ಹಾಳೆಯ ಬೆಸುಗೆ ಮಾಡಿ, ಸುತ್ತ ವೀಕ್ಷಣಾ ಬೋರ್ ತೋಡಿ ತಿಂಗಳಿಗೊಮ್ಮೆ ನೀರು ಪರೀಕ್ಷೆ ಮಾಡಿದರೆ ಮಾತ್ರ ಈ ಗಣಿಯ ಬಗ್ಗೆ ಮಾತಾಡಬಹುದು. ಒಂದು ಸಾಲಿನ ಬೆಸುಗೆ ಬಿಟ್ಟರೂ ಕೆಲಸ ಕೆಟ್ಟಿತು.

ಅಂಕ ಕೊಡುವುದಾದರೆ ಹೀಗೆ. ಈಗಾಗಲೇ ನಿಂತಿರುವ ಕೈಗಾದ ನಾಲ್ಕು ಘಟಕಗಳ ಕರೆಂಟಿಗೆ ಐದರಲ್ಲಿ ನಾಲ್ಕು. ಕಟ್ಟಿದ ಖರ್ಚು ಬಹುಪಾಲು ಆಗಿಹೋಗಿದೆ, ಹೊಗೆ ಇಲ್ಲ, ರಾತ್ರಿ ಆಸರೆ. ಅವನ್ನು ಅವಧಿಗೆ ಮುನ್ನ ಮುಚ್ಚಿ ಆ ಜಾಗಕ್ಕೆ ಕಲ್ಲಿದ್ದಲು ತರುವುದು ದಡ್ಡತನ. ಹೊಸದಾಗಿ ಕಟ್ಟುವುದಕ್ಕೆ ಎರಡೂವರೆ. ಕಾಕ್ರಾಪಾರದ 700 ಮೆಗಾವ್ಯಾಟಿನ ಮೂರನೇ ಘಟಕಕ್ಕೆ 2010ರಲ್ಲಿ ಕಾಂಕ್ರೀಟ್ ಸುರಿದು, ವಾಣಿಜ್ಯ ಉತ್ಪಾದನೆ ಬಂದದ್ದು 2023ರಲ್ಲಿ. ಅಂಥವೇ ಎರಡು ಕೈಗಾದಲ್ಲಿ ಐದು ಮತ್ತು ಆರನೇ ಘಟಕಗಳಾಗಿ ಬರಬೇಕಿದೆ. 2047ಕ್ಕೆ ನೂರು ಗಿಗಾವ್ಯಾಟ್ ಎಂದು 2025ರ ಬಜೆಟ್ಟಿನಲ್ಲಿ ಘೋಷಿಸಿದ್ದಾರೆ. ಈಗ ಇರುವುದು ಎಂಟು ಗಿಗಾವ್ಯಾಟಿನ ಚಿಲ್ಲರೆ, ದೇಶದ ಕರೆಂಟಿನ ಶೇ 3ರಷ್ಟು. ಗೋಗಿಯ ಗಣಿಗೆ ಇವತ್ತಿನ ಸ್ಥಿತಿಯಲ್ಲಿ ಒಂದೇ ಅಂಕ.

ಹಾಗಾದರೆ ಬದಲಿ ಸರಕು? ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಮನೆಯ ಮೇಲೆ 3 ಕಿಲೋವ್ಯಾಟ್ ಕೂರಿಸಿದರೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್, ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ. ಆದರೆ ಅಂಗಡಿಯವರು ಹೇಳದ ಮಾತುಗಳಿವೆ. ಮೇ ತಿಂಗಳ ನಡುಮಧ್ಯಾಹ್ನ ಪ್ಯಾನೆಲ್ 70 ಡಿಗ್ರಿ ಕಾಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇ 0.35ರಷ್ಟು ಕಳೆದುಕೊಂಡು, ಮೂರು ಕಿಲೋವ್ಯಾಟ್ ಎರಡೂವರೆಗೆ ಇಳಿಯುತ್ತದೆ. ಹಾಗಾಗಿ ಮಾಳಿಗೆಗೆ ಅಂಟಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ಕೂರಿಸಿ. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಧೂಳು ಬೆಳಗಿನ ಇಬ್ಬನಿಗೆ ಸೇರಿ ಗಾಜಿನ ಮೇಲೆ ಗಟ್ಟಿಯಾಗುತ್ತದೆ. ವಾರಕ್ಕೊಮ್ಮೆ ಸೂರ್ಯ ಏರುವ ಮುಂಚೆ ಮೆತ್ತನೆ ಬಟ್ಟೆಯಲ್ಲಿ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಎರಚಿದರೆ ಸೀಳು ಬಿಡಬಹುದು. ಮುಖ್ಯ ಮಾತು: ಬ್ಯಾಟರಿ ಇಲ್ಲದ ಇನ್ವರ್ಟರ್ ಲೈನಿನ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲಿರುವ ಲೈನ್‌ಮನ್ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಬಿಸಿಲು ಸುಡುತ್ತಿದ್ದರೂ ಫ್ಯಾನು ತಿರುಗುವುದಿಲ್ಲ.

ದೊಡ್ಡ ಸೋಲಾರಿನ ಕರೆಂಟು ಟೆಂಡರಿನಲ್ಲಿ ಎರಡೂವರೆ ರೂಪಾಯಿಯ ಸುಮಾರಿಗೆ ಸಿಗುತ್ತಿದೆ. ಅದಕ್ಕೆ ಭೂಮಿ ಬೇಕು, ಪಾವಗಡದ 2,050 ಮೆಗಾವ್ಯಾಟಿಗೆ 13,000 ಎಕರೆ ಹೋಗಿದೆ. ಹಗಲಿನ ಪಂಪ್‌ಸೆಟ್ಟಿಗೆ ಸೋಲಾರ್ ಫೀಡರ್, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡದ ದಿನಗಳಿಗೆ ಗಾಳಿ, ಸಂಜೆಯ ಮೂರು-ನಾಲ್ಕು ಗಂಟೆಗೆ ಬ್ಯಾಟರಿ, ರಾತ್ರಿಯ ತಳಕ್ಕೆ ಈಗಿರುವ ಕೈಗಾ. ಈ ಹೊಂದಾಣಿಕೆ ನಮ್ಮ ಮೂರು ಜಿಲ್ಲೆಗಳ ಬಳಕೆಗೆ ಚೆನ್ನಾಗಿ ಕೂರುತ್ತದೆ. ಇಲ್ಲೇ ಒಂದು ಅಣು ಸ್ಥಾವರ ಬರಲಿ ಎನ್ನುವವರು ನೀರಿನ ಲೆಕ್ಕ ನೋಡಬೇಕು. 800 ಮೆಗಾವ್ಯಾಟ್ ಶಾಖದಲ್ಲಿ ಕರೆಂಟಾಗುವುದು ಮೂರನೇ ಒಂದಕ್ಕಿಂತ ಕಡಿಮೆ, ಮಿಕ್ಕದ್ದು ನೀರಿಗೆ. ಕೈಗಾಕ್ಕೆ ಕಾಳಿಯ ಕದ್ರಾ ಜಲಾಶಯ ಇದೆ. ಏಪ್ರಿಲ್‌ನಲ್ಲಿ ಮರಳು ಕಾಣುವ ಭೀಮೆಗೆ ಆ ಭಾರ ಹೊರಲಾಗದು.

ಗೋಗಿ ಸುತ್ತಮುತ್ತ ಹೊಲ-ಮನೆ ಇರುವವರು ಗಣಿ ಬರಲಿ ಬಿಡಲಿ, ಈಗಲೇ ಒಂದು ಕೆಲಸ ಮಾಡಿಡಬೇಕು. ಅಲ್ಲಿನ ಕಲ್ಲಿನಲ್ಲೇ ಯುರೇನಿಯಂ ಇರುವುದರಿಂದ ಬೋರ್ ನೀರಿನಲ್ಲಿ ಅದು ಸಹಜವಾಗಿಯೂ ಕರಗಿರಬಹುದು. ಇವತ್ತು ಎಷ್ಟಿದೆ ಎಂಬ ಕಾಗದ ಕೈಯಲ್ಲಿಲ್ಲದಿದ್ದರೆ, ನಾಳೆ ಹೆಚ್ಚಾದಾಗ ಮೊದಲೇ ಇತ್ತು ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೋರನ್ನು ಹತ್ತು ನಿಮಿಷ ಓಡಿಸಿ, ಒಂದು ಲೀಟರಿನ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಕಂಠದವರೆಗೆ ತುಂಬಿ, ತಾರೀಖು, ಸರ್ವೆ ನಂಬರ್, ಬೋರಿನ ಆಳ ಬರೆದು ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕೊಡಿ. ಸಾಮಾನ್ಯ ನೀರು ಪರೀಕ್ಷೆಯಲ್ಲಿ ಯುರೇನಿಯಂ ನೋಡುವುದಿಲ್ಲ, ಬೇರೆಯಾಗಿ ಬರೆದು ಕೇಳಬೇಕು. ಜೊತೆಗೆ ಸೋಡಿಯಂ, ಆರ್ಸೆನಿಕ್ ಕೂಡ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ನೀರು ಕುಡಿದ ಜನರ ಚರ್ಮಕ್ಕೆ ಆದದ್ದನ್ನು ಜಿಲ್ಲೆ ನೋಡಿದೆ. ಬೇಸಿಗೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಮಾಡಿಸಿ. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ, ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯದ್ದು 60. ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಅದೂ ವಿಕಿರಣದಿಂದಲ್ಲ, ಲೋಹದ ವಿಷದಿಂದ. ಕುದಿಸಿದರೆ ಹೋಗುವುದಿಲ್ಲ, ಕ್ಯಾಂಡಲ್ ಫಿಲ್ಟರಿಗೂ ಯುವಿಗೂ ಬಗ್ಗುವುದಿಲ್ಲ. ಆರ್‌ಒ ಹಾಕಿದರೆ ಬಹುಪಾಲು ಹೋಗುತ್ತದೆ, ಆದರೆ ಹೊರಬಿಡುವ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಸೇರಿರುತ್ತದೆ, ಅದನ್ನು ದನಗಳ ಬಾನಿಗೆ ಬಿಡಬೇಡಿ.

2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಣು ಖನಿಜಗಳ ಗಣಿಗಳಿಗೆ ಸಾರ್ವಜನಿಕ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ. ಊರಿನ ಮುಂದೆ ಮೈಕು ಹಿಡಿದು ಪ್ರಶ್ನೆ ಕೇಳುವ ಆ ಒಂದು ದಿನವೂ ಇನ್ನು ಸಿಗಲಾರದು. ಆಗ ಜಿಲ್ಲಾಧಿಕಾರಿ ಕಚೇರಿಗೆ ಆಗಲಿ ನ್ಯಾಯಾಲಯಕ್ಕೆ ಆಗಲಿ ರೈತ ಒಯ್ಯಬಹುದಾದ ಗಟ್ಟಿ ಕಾಗದ ಎಂದರೆ ಗಣಿ ಶುರುವಾಗುವ ಮುಂಚಿನ ತಾರೀಖು ಬಿದ್ದ ಆ ನೀರಿನ ವರದಿ. ಎರಡು ಪ್ರತಿ ಮಾಡಿಸಿ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.